ಬಣ್ಣ ಹೋಯಿತು, ವಿಷ ಹೋಯಿತೇ?

ಈ ಅಂಕಣದ ಓದುಗರೊಬ್ಬರು ಒಂದು ಸುದ್ದಿಯ ತುಣುಕು ಕಳುಹಿಸಿ ಅಭಿಪ್ರಾಯ ಕೇಳಿದ್ದಾರೆ. ಸುದ್ದಿಯ ಸಾರ ಇಷ್ಟು: ಗಿಡದ ಎಲೆಯ ಕಷಾಯದಿಂದ ಎರಡು ಲೋಹಗಳ ಅತಿ ಸೂಕ್ಷ್ಮ ಕಣಗಳನ್ನು ತಯಾರಿಸಿದ್ದಾರೆ, ಬಣ್ಣದ ಕಾರ್ಖಾನೆಯಿಂದ ಬರುವಂಥ ಕೊಳೆನೀರಿಗೆ ಅದನ್ನು ಚಿಟಿಕೆಯಷ್ಟು ಹಾಕಿದರೆ ಕೆಲವೇ ನಿಮಿಷಗಳಲ್ಲಿ ನೀರು ತಿಳಿಯಾಗುತ್ತದೆ, ಇನ್ನು ಶುದ್ಧ ನೀರಿನ ಚಿಂತೆ ಬೇಡ. "ಡಾಕ್ಟ್ರೇ, ಇದು ನಿಜವೇ? ನಮ್ಮ ಹಿತ್ತಿಲಲ್ಲೇ ಬೇವಿನ ಮರವಿದೆ. ತಾಮ್ರದ ಹಂಡೆ ಇದೆ, ಬೆಳ್ಳಿಯ ನಾಣ್ಯವೂ ಇದೆ. ಮನೆಯಲ್ಲೇ ಮಾಡಿಕೊಳ್ಳಬಹುದೇ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆಯ ಎರಡನೆಯ ಭಾಗಕ್ಕೆ ಒಂದೇ ಪದದ ಉತ್ತರ: ಬೇಡ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲ ಭಾಗ ಅಷ್ಟು ಸುಲಭವಲ್ಲ. ಸುದ್ದಿಯಲ್ಲಿ ಸುಳ್ಳಿಲ್ಲ. ಆದರೆ ನೀರು ತಿಳಿಯಾಯಿತು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ವೈದ್ಯನಾದವನ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ನೀರಿಗೂ ಸಲ್ಲುತ್ತದೆ.

ಮೊದಲು ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ. ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ. ಕುಟ್ಟಿ ಪುಡಿ ಮಾಡಿ ಹಾಕಿದರೆ ಬೇಗ ಕರಗುತ್ತದೆ. ಬೆಲ್ಲ ಅಷ್ಟೇ ಇದೆ, ನೀರಿಗೆ ತಾಗುವ ಮೈ ಹೆಚ್ಚಾಗಿದೆ. ಲೋಹದ ಕಣವೂ ಹಾಗೆಯೇ. ಗಾತ್ರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಾದರೆ ಅದು ನ್ಯಾನೊಕಣ. ಚಿಟಿಕೆ ಪುಡಿಯಲ್ಲಿ ಅಪಾರವಾದ ಮೈ ಇರುವುದರಿಂದ ರಾಸಾಯನಿಕ ಕ್ರಿಯೆಗಳು ಅದರ ಮೇಲೆ ಬಲು ಚುರುಕಾಗಿ ನಡೆಯುತ್ತವೆ. ಹೀಗೆ ಕ್ರಿಯೆಯನ್ನು ಚುರುಕುಗೊಳಿಸಿ ತಾನು ಖರ್ಚಾಗದೆ ಉಳಿಯುವ ವಸ್ತುವೇ ವೇಗವರ್ಧಕ.

ಒಂದು ಲೋಹ ಸಾಲದೇ, ಎರಡೇಕೆ? ಇದಕ್ಕೆ ನೈಟ್ರೇಟಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಗೊಬ್ಬರ, ಕೊಟ್ಟಿಗೆ, ಕಕ್ಕಸು ಗುಂಡಿಗಳಿಂದ ಅಂತರ್ಜಲಕ್ಕೆ ಇಳಿಯುವ ನೈಟ್ರೇಟನ್ನು ತೆಗೆಯಲು ಜರ್ಮನಿಯ ವಿಜ್ಞಾನಿಗಳು ೧೯೮೦ರ ದಶಕದ ಕೊನೆಯಲ್ಲಿ ಪಲ್ಲಾಡಿಯಂ ಮತ್ತು ತಾಮ್ರದ ಜೋಡಿಯನ್ನು ಹೂಡಿದರು. ಪಲ್ಲಾಡಿಯಂ ಒಂದೇ ಇದ್ದರೆ ನೈಟ್ರೇಟನ್ನು ಅದು ಮುಟ್ಟುವುದೇ ಇಲ್ಲವೆನ್ನಬಹುದು. ತಾಮ್ರ ಜೊತೆಗಿದ್ದರೆ ನೈಟ್ರೇಟನ್ನು ನೈಟ್ರೈಟ್ ಆಗಿಸುವ ಮೊದಲ ಹೆಜ್ಜೆ ಸಾಧ್ಯವಾಗುತ್ತದೆ. ಮುಂದಿನ ಕೆಲಸವನ್ನು ಪಲ್ಲಾಡಿಯಂ ವಹಿಸಿಕೊಂಡು ನೈಟ್ರೈಟನ್ನು ನೈಟ್ರೋಜನ್ ಅನಿಲವಾಗಿಸುತ್ತದೆ. ಒಬ್ಬರು ಭತ್ತ ಕುಟ್ಟಿ, ಇನ್ನೊಬ್ಬರು ಕೇರಿದ ಹಾಗೆ. ಆದರೆ ಇಲ್ಲೇ ಒಂದು ಎಚ್ಚರಿಕೆ ಇದೆ. ಕೆಲಸ ಅರ್ಧಕ್ಕೆ ನಿಂತರೆ ನೀರಿನಲ್ಲಿ ಉಳಿಯುವುದು ನೈಟ್ರೈಟ್. ಹಸುಗೂಸಿನ ರಕ್ತಕ್ಕೆ ಅದು ನೈಟ್ರೇಟಿಗಿಂತ ಕೆಟ್ಟದ್ದು. ಕೆಲಸ ಅತಿಯಾದರೆ ಅಮೋನಿಯ. ಸರಿಯಾಗಿ ನಡುವೆ ನಿಲ್ಲಿಸುವುದೇ ಆ ವಿಜ್ಞಾನಿಗಳಿಗೆ ದೊಡ್ಡ ತಲೆನೋವಾಗಿತ್ತು.

ಕೊಳೆನೀರಿನ ಮಾತಿಗೆ ಬಂದರೆ, ಅಮೆರಿಕದ ಲೀಹೈ ವಿಶ್ವವಿದ್ಯಾಲಯದಲ್ಲಿ ೧೯೯೭ರಲ್ಲಿ ಕಬ್ಬಿಣದ ನ್ಯಾನೊಕಣದ ಮೇಲೆ ಪಲ್ಲಾಡಿಯಂ ಲೇಪಿಸಿದ ಕಣಗಳನ್ನು ತಯಾರಿಸಿದರು. ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆಯಲು ಬಳಸುವ ಟ್ರೈಕ್ಲೋರೊಎಥಿಲೀನ್ ಎಂಬ ದ್ರಾವಕ ಅಲ್ಲಿ ಎಷ್ಟೋ ಊರುಗಳ ಅಂತರ್ಜಲಕ್ಕೆ ಇಳಿದಿತ್ತು. ಮೂತ್ರಪಿಂಡದ ಕ್ಯಾನ್ಸರಿಗೆ ಕಾರಣವೆಂದು ಈಗ ಒಪ್ಪಿರುವ ವಸ್ತು ಅದು. ಬರೀ ಕಬ್ಬಿಣ ಅದರ ಕ್ಲೋರಿನ್ನನ್ನು ಕೀಳುವಾಗ ಕೆಲವೊಮ್ಮೆ ಮಧ್ಯದಲ್ಲಿ ನಿಂತು ವಿನೈಲ್ ಕ್ಲೋರೈಡ್ ಉಳಿಯುತ್ತದೆ. ಯಕೃತ್ತಿನ ಕ್ಯಾನ್ಸರಿಗೆ ಕುಖ್ಯಾತವಾದ ಅನಿಲ ಇದು. ಪಲ್ಲಾಡಿಯಂ ಸೇರಿದಾಗ ಕ್ರಿಯೆ ಕೊನೆಯವರೆಗೆ ಹೋಗಿ, ಬಹುಪಾಲು ನಿರುಪದ್ರವಿ ಈಥೇನ್ ಆಗುತ್ತದೆ. ನ್ಯೂಜರ್ಸಿಯ ಟ್ರೆಂಟನ್‌ನಲ್ಲಿ ಇಂಥ ಸುಮಾರು ೧.೭ ಕಿಲೋ ಕಣಗಳನ್ನು ನೆಲದೊಳಗಿನ ನೀರಿಗೆ ಬಿಟ್ಟು ನಾಲ್ಕು ವಾರ ಗಮನಿಸಿದಾಗ ಆ ದ್ರಾವಕ ಗರಿಷ್ಠ ಶೇಕಡಾ ೯೬ರಷ್ಟು ಇಳಿದಿತ್ತು ಎಂದು ೨೦೦೧ರಲ್ಲಿ ವರದಿಯಾಯಿತು. ನನಗೆ ಈ ಕೆಲಸದ ಬಗ್ಗೆ ಗೌರವ ಇರುವುದು ೯೬ ಎಂಬ ಸಂಖ್ಯೆಗಾಗಿ ಅಲ್ಲ. ಇದ್ದದ್ದು ಕಡಿಮೆಯಾಯಿತೇ ಎಂದು ಕೇಳಿ ಸುಮ್ಮನಾಗದೆ, ಅದು ಏನಾಗಿ ಬದಲಾಯಿತು ಎಂದೂ ಈ ವಿಜ್ಞಾನಿಗಳು ಅಳೆದು ನೋಡಿದರು.

ಇನ್ನು 'ಹಸಿರು' ಎಂಬ ಮಾತು. ಲೋಹದ ಲವಣವನ್ನು ನೀರಿನಲ್ಲಿ ಕರಗಿಸಿ ಅದರಿಂದ ಲೋಹವನ್ನು ಕಣಗಳಾಗಿ ಬಿಡಿಸಲು ಸಾಮಾನ್ಯವಾಗಿ ಸೋಡಿಯಂ ಬೋರೋಹೈಡ್ರೈಡ್ ಬಳಸುತ್ತಾರೆ. ಅದು ದುಬಾರಿ, ವಿಷಕಾರಿ, ನೀರಿಗೆ ಬಿದ್ದರೆ ಹೈಡ್ರೋಜನ್ ಬಿಡುತ್ತದೆ. ಅದೇ ಕೆಲಸವನ್ನು ಎಲೆಗಳಲ್ಲಿರುವ ಪಾಲಿಫಿನಾಲ್, ಸಕ್ಕರೆ, ಪ್ರೋಟೀನುಗಳಿಂದ ಮಾಡಿಸಬಹುದು. ನಮ್ಮ ದೇಶದವರೇ ಇದರಲ್ಲಿ ಮುಂಚೂಣಿಯಲ್ಲಿದ್ದರು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು ಬೇವಿನ ಎಲೆ ಕುದಿಸಿದ ನೀರಿನಿಂದ ಚಿನ್ನ, ಬೆಳ್ಳಿ ಮತ್ತು ಎರಡೂ ಸೇರಿದ ಜೋಡಿ ಕಣಗಳನ್ನು ತಯಾರಿಸಿದ್ದನ್ನು ೨೦೦೪ರಲ್ಲಿ ಪ್ರಕಟಿಸಿದರು. ಒಳಗೆ ಚಿನ್ನ, ಹೊರಗೆ ಬೆಳ್ಳಿಯ ಕವಚ! ಅಲ್ಲಿಂದೀಚೆಗೆ ತುಳಸಿ, ನುಗ್ಗೆ, ಸೀಬೆ, ಚಹಾ, ದಾಳಿಂಬೆ ಸಿಪ್ಪೆ ಹೀಗೆ ಒಂದೊಂದನ್ನೂ ಕುದಿಸಿ ನೋಡಿದ್ದಾಗಿದೆ. ನಮ್ಮ ಹಿತ್ತಿಲಲ್ಲಿ ಇನ್ನು ಯಾವ ಗಿಡ ಉಳಿದಿದೆಯೋ ಕಾಣೆ.

ತಯಾರಿಕೆಯ ರೀತಿ ಸೊಗಸಾಗಿದೆ, ಅನುಮಾನವಿಲ್ಲ. ನನ್ನ ತಕರಾರು ಪರೀಕ್ಷೆಯ ರೀತಿಯ ಬಗ್ಗೆ.

ಇಂಥ ಕಣಗಳು ನೀರನ್ನು ಶುದ್ಧ ಮಾಡುತ್ತವೆ ಎನ್ನಲು ಬಹುತೇಕ ಪ್ರಯೋಗಗಳಲ್ಲಿ ಆರಿಸಿಕೊಳ್ಳುವುದು ಬಣ್ಣದ ನೀರನ್ನು. ಮಿಥಿಲೀನ್ ಬ್ಲೂ, ಮಿಥೈಲ್ ಆರೆಂಜ್, ಕಾಂಗೋ ರೆಡ್, ಇಲ್ಲವೇ ಹಳದಿ ಬಣ್ಣದ ನೈಟ್ರೋಫಿನಾಲ್. ಭಟ್ಟಿ ಇಳಿಸಿದ ಅಚ್ಚ ನೀರಿನಲ್ಲಿ ಇವುಗಳಲ್ಲೊಂದನ್ನು ಕರಗಿಸಿ, ಕಣ ಹಾಕಿ, ಬಣ್ಣ ಎಷ್ಟು ಬೇಗ ಮಾಯವಾಗುತ್ತದೆ ಎಂದು ಯಂತ್ರದಲ್ಲಿ ಅಳೆಯುತ್ತಾರೆ. ಅಳೆಯಲು ಸುಲಭ, ಫೋಟೋದಲ್ಲೂ ಚೆನ್ನಾಗಿ ಕಾಣುತ್ತದೆ. ಎಡಗಡೆ ನೀಲಿ ಲೋಟ, ಬಲಗಡೆ ತಿಳಿ ಲೋಟ. ಪತ್ರಿಕೆಯವರಿಗೆ ಇನ್ನೇನು ಬೇಕು?

ಮಿಥಿಲೀನ್ ಬ್ಲೂ ನಮಗೆ ವೈದ್ಯರಿಗೆ ಹಳೆಯ ಪರಿಚಯ. ರಕ್ತದ ಹಿಮೋಗ್ಲೋಬಿನ್ ಕೆಟ್ಟು ಆಮ್ಲಜನಕ ಹೊರಲಾರದಂತಾದಾಗ ಅದನ್ನು ರಕ್ತನಾಳಕ್ಕೆ ಚುಚ್ಚುಮದ್ದಾಗಿ ಕೊಡುತ್ತೇವೆ. ದೇಹದೊಳಗೆ ಅದು ಬಣ್ಣವಿಲ್ಲದ ರೂಪಕ್ಕೆ ತಿರುಗಿಯೇ ಕೆಲಸ ಮಾಡುತ್ತದೆ. ಮತ್ತೆ ನೀಲಿಯಾಗುತ್ತದೆ, ಮತ್ತೆ ಬಣ್ಣ ಕಳೆದುಕೊಳ್ಳುತ್ತದೆ. ಪ್ರಯೋಗಾಲಯದ ಲೋಟದಲ್ಲಿ ಬೋರೋಹೈಡ್ರೈಡ್ ಸೇರಿಸಿದಾಗಲೂ ಹೆಚ್ಚಾಗಿ ಆಗುವುದು ಇಷ್ಟೇ. ಔಷಧ ಎಲ್ಲಿಗೂ ಹೋಗಿಲ್ಲ, ಅಂಗಿ ಬದಲಿಸಿದೆ. ಗಾಳಿ ತಾಗಿದರೆ ಹಳೆಯ ಅಂಗಿ ತೊಟ್ಟು ಮರಳುತ್ತದೆ.

ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ದೊಡ್ಡ ಪಾಲು ಅಜೋ ಬಣ್ಣಗಳದು. ಎರಡು ನೈಟ್ರೋಜನ್ ಪರಮಾಣುಗಳ ಜೋಡಿಗಂಟು ಅವುಗಳ ಹೊಳಪಿನ ಮೂಲ. ಆ ಗಂಟು ಕಡಿದರೆ ಬಣ್ಣ ಹೋಗುತ್ತದೆ, ಎರಡು ತುಂಡುಗಳು ಉಳಿಯುತ್ತವೆ. ಆ ಬಣ್ಣವಿಲ್ಲದ ತುಂಡುಗಳ ಹೆಸರು ಅಮೈನ್. ಅವು ಎಂಥವು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಪಾಠವನ್ನು ವೈದ್ಯಶಾಸ್ತ್ರ ಕಲಿತದ್ದು ಒಂದು ಸಂತೋಷದ ಸಂದರ್ಭದಲ್ಲಿ. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಎಂಬ ವೈದ್ಯ ೧೯೩೫ರಲ್ಲಿ ಪ್ರೊಂಟೋಸಿಲ್ ಎಂಬ ಕೆಂಪು ಅಜೋ ಬಣ್ಣ ಸೋಂಕುಗಳನ್ನು ಗುಣಪಡಿಸುತ್ತದೆ ಎಂದು ಪ್ರಕಟಿಸಿದ. ಆದರೆ ಗಾಜಿನ ನಳಿಕೆಯಲ್ಲಿ ಅದೇ ಬಣ್ಣ ರೋಗಾಣುಗಳನ್ನು ಕೊಲ್ಲುತ್ತಿರಲಿಲ್ಲ. ಅದೇ ವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಗುಟ್ಟು ಬಿಡಿಸಿದರು: ದೇಹದಲ್ಲಿ ಆ ಜೋಡಿಗಂಟು ಕಡಿದು ಸಲ್ಫನಿಲಮೈಡ್ ಎಂಬ ಬಣ್ಣವಿಲ್ಲದ ತುಂಡು ಹೊರಬರುತ್ತದೆ, ಗುಣವೆಲ್ಲ ಅದರದೇ. ಸಲ್ಫಾ ಔಷಧಗಳ ಯುಗ ಅಲ್ಲಿಂದ ಶುರು. ಇಂದಿಗೂ ಕೀಲುವಾತಕ್ಕೆ, ದೊಡ್ಡ ಕರುಳಿನ ಹುಣ್ಣಿಗೆ ನಾವು ಬರೆದುಕೊಡುವ ಸಲ್ಫಸಲಜೀನ್ ಮಾತ್ರೆಯೂ ಒಂದು ಅಜೋ ವಸ್ತುವೇ. ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಎರಡು ತುಂಡು ಮಾಡಿದ ಮೇಲೆಯೇ ಔಷಧ ಹೊರಬರುತ್ತದೆ. ಅಂದರೆ ಬಣ್ಣ ಹೋದಲ್ಲಿ ಕತೆ ಮುಗಿಯಲಿಲ್ಲ, ಅಲ್ಲಿಂದ ಆರಂಭವಾಯಿತು.

ದುಃಖದ ಮುಖವೂ ಇದೆ. ೧೮೯೫ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಕಂಡು ಲೋಕಕ್ಕೆ ತಿಳಿಸಿದ. ಬೆಂಜಿಡಿನ್, ೨-ನ್ಯಾಫ್ತೈಲಮೈನ್‌ನಂಥ ಅಮೈನುಗಳು ಇಂಥ ಕ್ಯಾನ್ಸರಿಗೆ ಕಾರಣವೆಂಬುದು ಮುಂದೆ ಖಚಿತವಾಯಿತು. ಒಡೆದಾಗ ಇಂಥ ಅಪಾಯದ ಅಮೈನುಗಳನ್ನು ಬಿಡುವ ಹಲವು ಅಜೋ ಬಣ್ಣಗಳನ್ನು ಭಾರತ ಸರ್ಕಾರ ೧೯೯೭ರಲ್ಲಿ ನಿಷೇಧಿಸಿದ್ದೂ ಇದೇ ಕಾರಣಕ್ಕೆ. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಕಾಂಗೋ ರೆಡ್ ಬೆಂಜಿಡಿನ್‌ನಿಂದ ತಯಾರಾದ ಬಣ್ಣ ಎಂಬುದನ್ನು ಇಲ್ಲಿ ನೆನಪಿಡಬೇಕು. ಅದರ ಎರಡೂ ಗಂಟುಗಳನ್ನು ಕಡಿದರೆ ನೀರು ತಿಳಿಯಾಗುತ್ತದೆ. ನೀರಿನಲ್ಲಿ ಬೆಂಜಿಡಿನ್ ಇರುತ್ತದೆ. ಆ ತುಂಡನ್ನೂ ಮುಂದೆ ಪೂರ್ತಿ ಒಡೆಯದ ಹೊರತು ಕೆಂಪು ನೀರಿಗಿಂತ ಈ ತಿಳಿ ನೀರಿಗೇ ನಾನು ಹೆಚ್ಚು ಹೆದರುತ್ತೇನೆ. ಕೆಂಪು ನೀರನ್ನು ಯಾರೂ ಕುಡಿಯುವುದಿಲ್ಲ.

(ಬಣ್ಣದ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರು ಒಂದು ಮಾತು ಗಮನಿಸಿ. ನೋವಿಲ್ಲದೆ ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ ಉಷ್ಣವೆಂದು ಎಳನೀರು ಕುಡಿದು ಸುಮ್ಮನಾಗಬೇಡಿ. ಕೆಲಸ ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ಈ ಕಾಯಿಲೆ ತಲೆದೋರಬಹುದು. ವೈದ್ಯರಿಗೆ ನಿಮ್ಮ ಹಳೆಯ ಕಸುಬನ್ನೂ ತಿಳಿಸಿ.)

ನೈಟ್ರೋಫಿನಾಲಿನ ಕತೆ ಇನ್ನೂ ಸ್ವಾರಸ್ಯದ್ದು. ಹಳದಿ ಹೋಗಿ ಅದು ಅಮಿನೋಫಿನಾಲ್ ಆಗುತ್ತದೆ. ಕಾರ್ಖಾನೆಗಳಲ್ಲಿ ಪ್ಯಾರಸಿಟಮಾಲ್ ತಯಾರಿಸುವುದು ಈ ಅಮಿನೋಫಿನಾಲಿನಿಂದಲೇ. ಹಾಗೆಂದು ಅದು ಔಷಧವಲ್ಲ, ಮೂತ್ರಪಿಂಡಕ್ಕೆ ವಿಷ. ಮಾತ್ರೆಯಲ್ಲಿ ಅದು ಲೇಶಮಾತ್ರ ಉಳಿದಿರಬಹುದು, ಅದಕ್ಕೆ ಕಟ್ಟುನಿಟ್ಟಾದ ಮಿತಿ ಇದೆ. ಮಾತ್ರೆಯಲ್ಲಿದ್ದರೆ ಕಲ್ಮಶ ಎನ್ನಿಸಿಕೊಳ್ಳುವ ವಸ್ತು ಲೋಟದ ನೀರಿನಲ್ಲಿ ಉಳಿದಾಗ 'ಶುದ್ಧೀಕರಣ' ಹೇಗಾದೀತು? ನೈಟ್ರೋಫಿನಾಲಿನ ಕ್ರಿಯೆ ಒಂದು ವೇಗವರ್ಧಕ ಎಷ್ಟು ಚುರುಕು ಎಂದು ಅಳೆಯುವ ಅಳತೆಗೋಲು, ಅಷ್ಟೇ. ರಸಾಯನಶಾಸ್ತ್ರಜ್ಞರಿಗೆ ಇದು ಗೊತ್ತಿದೆ. ಸುದ್ದಿಯಾಗುವ ಹೊತ್ತಿಗೆ ಅಳತೆಗೋಲೇ ಬಾವಿಯಾಗಿಬಿಟ್ಟಿರುತ್ತದೆ.

ಇನ್ನೊಂದು ವಿಚಿತ್ರ ನೋಡಿ. ಬೋರೋಹೈಡ್ರೈಡ್ ಕೆಟ್ಟದ್ದೆಂದು ಎಲೆಯ ಕಷಾಯ ಬಳಸಿ ಕಣ ತಯಾರಿಸುತ್ತಾರೆ. ಆಮೇಲೆ ಬಣ್ಣ ತೆಗೆಯುವ ಪರೀಕ್ಷೆಗೆ ಅದೇ ಬೋರೋಹೈಡ್ರೈಡನ್ನು ಬಣ್ಣದ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಸುರಿಯುತ್ತಾರೆ! ಮುಂಬಾಗಿಲಿನಲ್ಲಿ ಓಡಿಸಿದವನನ್ನು ಹಿತ್ತಿಲ ಬಾಗಿಲಿನಿಂದ ಕರೆದು ಮಣೆ ಹಾಕಿದಂತೆ. ಅದರ ಬೋರಾನ್ ಕೊನೆಗೆ ನೀರಿನಲ್ಲೇ ಉಳಿಯುತ್ತದೆ.

'ಹಸಿರು' ಎಂದ ಮಾತ್ರಕ್ಕೆ ನಿರುಪದ್ರವಿ ಎಂದೂ ತಿಳಿಯಬೇಕಾಗಿಲ್ಲ. ಎಳೆ ಬಾಳೆಕಾಯಿಯನ್ನು ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದಾಗ ಕೈಯೂ ಈಳಿಗೆಯೂ ಕಪ್ಪಾಗುವುದನ್ನು ಅಡುಗೆಮನೆ ಬಲ್ಲವರೆಲ್ಲ ಕಂಡಿದ್ದೀರಿ. ಕಾಯಿಯ ಒಗರಿಗೂ ಕಬ್ಬಿಣಕ್ಕೂ ಆಗುವ ನಂಟು ಅದು. ಚಹಾ ಕಷಾಯಕ್ಕೆ ಕಬ್ಬಿಣದ ಲವಣ ಹಾಕಿದಾಗ ಸಿಗುವ ಕಪ್ಪು ಕಣಗಳನ್ನು ಕೆಲವರು ಲೋಹದ ಕಬ್ಬಿಣವೆಂದೇ ಕರೆದಿದ್ದರು. ಝೆಕ್ ದೇಶದ ಸಂಶೋಧಕರು ೨೦೧೪ರಲ್ಲಿ ಕೂಲಂಕಷವಾಗಿ ನೋಡಿದಾಗ ಅವು ಲೋಹವಲ್ಲ, ಕಬ್ಬಿಣ ಮತ್ತು ಚಹಾದ ಪಾಲಿಫಿನಾಲ್ ಹೆಣೆದುಕೊಂಡ ಸಂಯುಕ್ತವೆಂದು ತಿಳಿಯಿತು. ನೀರಿನಲ್ಲಿ ಬದುಕುವ ಸಣ್ಣ ಜೀವಿಗಳಿಗೆ ಅವು ಗಣನೀಯವಾಗಿ ವಿಷಕಾರಿ ಎಂದೂ ಅವರು ಕಂಡರು. ಚಹಾ ಹಸಿರು, ಕಬ್ಬಿಣ ಸಾಧು, ಎರಡೂ ಸೇರಿದ್ದು ಮಾತ್ರ ಬೇರೆಯೇ.

ಲೋಹದ ಕತೆ ಏನು? ಕಣಗಳು ನೀರಿನಲ್ಲಿ ತೇಲುತ್ತವೆ, ಕೆಲವು ಕರಗುತ್ತವೆ. ಕಾಫಿ ಸೋಸುವ ಬಟ್ಟೆಯಲ್ಲಿ ಅವು ನಿಲ್ಲುವುದಿಲ್ಲ. ನಿಕ್ಕೆಲ್ ಅಗ್ಗವೆಂದು ಜೋಡಿ ಕಣಗಳಲ್ಲಿ ಬಹಳ ಬಳಕೆಯಾಗುತ್ತಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೦.೦೨ ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಬೆಳ್ಳಿಗೆ ೦.೧ ಮಿಲಿಗ್ರಾಂ. ಆದ್ದರಿಂದ ಬಣ್ಣ ತೆಗೆದ ನೀರಿನಲ್ಲಿ ಲೋಹ ಎಷ್ಟು ಉಳಿಯಿತು ಎಂದು ಅಳೆಯದ ಪ್ರಯೋಗವನ್ನು ನಾನು ಅರ್ಧ ಪ್ರಯೋಗವೆಂದೇ ಎಣಿಸುತ್ತೇನೆ.

ಇದನ್ನೆಲ್ಲ ಪ್ರಯೋಗಾಲಯದ ಮಾತೆಂದು ಬದಿಗಿಡುವ ಹಾಗಿಲ್ಲ. ನಮ್ಮ ನೆರೆಯ ತಿರುಪ್ಪೂರನ್ನು ನೋಡಿ. ನಾವು ತೊಡುವ ಬನಿಯನ್, ಟೀ ಶರ್ಟುಗಳ ಊರು. ಅಲ್ಲಿನ ಬಣ್ಣದ ಘಟಕಗಳ ನೀರು ನೊಯ್ಯಲ್ ನದಿಗೆ ಹರಿದು, ರೈತರ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತಿತು. ಆ ನೀರು ನಮಗೆ ಬೇಡವೆಂದು ಕೆಳಗಿನ ರೈತರೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕೊನೆಗೆ ೨೦೧೧ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಒಂದು ಹನಿ ಕೊಳೆನೀರನ್ನೂ ಹೊರಬಿಡದ ವ್ಯವಸ್ಥೆಯಾಗದೆ ತೆರೆಯುವ ಹಾಗಿರಲಿಲ್ಲ. ಅಲ್ಲಿ ಹೊಲ ಕೆಟ್ಟದ್ದಕ್ಕೆ ಮುಖ್ಯ ಕಾರಣ ಕಣ್ಣಿಗೆ ಕಾಣುವ ಬಣ್ಣವಲ್ಲ, ಉಪ್ಪು. ಹತ್ತಿಬಟ್ಟೆಗೆ ಬಣ್ಣ ಹಿಡಿಯಲು ರಾಶಿ ರಾಶಿ ಉಪ್ಪು ಬೇಕು. ಅದು ಬಟ್ಟೆಯಲ್ಲಿ ನಿಲ್ಲದೆ ನೀರಿನೊಂದಿಗೆ ಹೋಗುತ್ತದೆ. ಬೇವಿನಿಂದ ಮಾಡಿದ್ದಾಗಲಿ, ಬಂಗಾರದಿಂದ ಮಾಡಿದ್ದಾಗಲಿ, ಯಾವ ವೇಗವರ್ಧಕವೂ ಉಪ್ಪನ್ನು ತೆಗೆಯಲಾರದು. ಅಂಥ ನೀರಿನ ಬಣ್ಣ ಮಾತ್ರ ತೆಗೆದು ನದಿಗೆ ಬಿಟ್ಟರೆ ಏನಾದೀತು ಹೇಳಿ? ತಪ್ಪು ಮಾಡಿದವರ ಗುರುತು ಅಳಿಸಿದಂತಾಗುತ್ತದೆ. ಹಳ್ಳದ ನೀರು ಕೆಂಪಾದಾಗ ಊರವರು ಕೂಗಾಡುತ್ತಾರೆ, ಅಧಿಕಾರಿಗಳು ಬಂದು ನೋಡುತ್ತಾರೆ. ತಿಳಿಯಾಗಿದ್ದರೆ ದನಕರು ಕುಡಿಯುತ್ತವೆ, ಮಕ್ಕಳು ಈಜುತ್ತವೆ.

ಹಾಗಾದರೆ ಈ ಸಂಶೋಧನೆಯೇ ಬೇಡವೇ? ಬೇಕು, ಖಂಡಿತ ಬೇಕು. ಆದರೆ ಅದರ ಜಾಗ ಕಾರ್ಖಾನೆಯ ಒಳಗೆ, ಕೊಳೆನೀರು ಹೊರಬೀಳುವ ಕೊಳವೆಯ ಬಾಯಲ್ಲಿ. ಕಣಗಳನ್ನು ಮಣ್ಣಿನದೋ ಇದ್ದಿಲಿನದೋ ಹರಳಿಗೆ ಭದ್ರವಾಗಿ ಅಂಟಿಸಿ, ತಪ್ಪಿಸಿಕೊಳ್ಳದಂತೆ ಕಟ್ಟಿಹಾಕಿ. ಒಡೆದ ಅಮೈನುಗಳನ್ನು ತಿನ್ನುವ ಬ್ಯಾಕ್ಟೀರಿಯಗಳಿವೆ. ಗಾಳಿಯಾಡುವ ತೊಟ್ಟಿಯಲ್ಲಿ ಅವುಗಳಿಗೆ ಮುಂದಿನ ಕೆಲಸ ಒಪ್ಪಿಸಬಹುದು. ಉಪ್ಪಿಗೆ ಬೇರೆ ಏರ್ಪಾಡು. ಹೀಗೆ ಸಾಲಿನಲ್ಲಿ ಒಬ್ಬನಾಗಿ ನಿಂತರೆ ಈ ಜೋಡಿ ಲೋಹ ದೊಡ್ಡ ಉಪಕಾರಿಯಾದೀತು.

ಈಗ ಮನೆಯ ವಿಚಾರ. ಬೇವಿನ ಕಷಾಯಕ್ಕೆ ಬೆಳ್ಳಿ ನಾಣ್ಯ ಹಾಕಿದರೆ ನ್ಯಾನೊಕಣವಾಗುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳ್ಳಿಯ ನೈಟ್ರೇಟ್ ಲವಣ, ತಾಮ್ರದ ಮೈಲುತುತ್ತ. ಇವೆರಡೂ ಹೊಟ್ಟೆಗೆ ಹೋಗಬಾರದ ವಸ್ತುಗಳು. 'ನ್ಯಾನೊ ಬೆಳ್ಳಿ ಹನಿ' ಎಂದು ಸೀಸೆಯಲ್ಲಿ ಮಾರುವುದನ್ನೂ ಕೊಳ್ಳಬೇಡಿ. ಬೆಳ್ಳಿ ಮೈಯಲ್ಲಿ ಶೇಖರವಾಗಿ ಚರ್ಮ ಬೂದು ನೀಲಿಗೆ ತಿರುಗುವ ಆರ್ಜೀರಿಯ ಎಂಬ ಸ್ಥಿತಿ ಇದೆ. ಆ ಬಣ್ಣ ಸಾಮಾನ್ಯವಾಗಿ ಮತ್ತೆ ಹೋಗುವುದಿಲ್ಲ. ಇಂಥ ಹನಿಗಳನ್ನು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೧೯೯೯ರಲ್ಲೇ ಹೇಳಿತು.

ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಹೆದರಬೇಕಾದದ್ದು ಬಣ್ಣಕ್ಕಿಂತ ಹೆಚ್ಚಾಗಿ ರೋಗಾಣು, ಫ್ಲೋರೈಡ್, ನೈಟ್ರೇಟ್. ಮೂರೂ ಕಣ್ಣಿಗೆ ಕಾಣುವುದಿಲ್ಲ. ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಮತ್ತು ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಹೆಚ್ಚು ಗಟ್ಟಿಯಾಗುತ್ತವೆ. ನೈಟ್ರೇಟ್ ಲೀಟರಿಗೆ ೪೫ ಮಿಲಿಗ್ರಾಂ ಮೀರಿದ ನೀರಿನಲ್ಲಿ ಆರು ತಿಂಗಳೊಳಗಿನ ಕೂಸಿಗೆ ಪುಡಿಹಾಲು ಕಲಸಿ ಕೊಡಬಾರದು. ಕೂಸಿನ ತುಟಿ, ಉಗುರು ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆ ವಯಸ್ಸಿಗೆ ತಾಯಿಯ ಹಾಲೊಂದೇ ಸಾಕು, ಮೇಲೆ ನೀರೂ ಬೇಡ. ಬಾವಿಯ ನೀರನ್ನು ವರ್ಷಕ್ಕೊಮ್ಮೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು, ಚೀಟಿಯಲ್ಲಿ ಈ ಮೂರನ್ನೂ ಬರೆಸಿಕೊಳ್ಳಿ. 'ಕುಡಿಯಲು ಯೋಗ್ಯ' ಎಂಬ ಒಂದೇ ಸಾಲು ಸಾಲದು.

ಕೊನೆಗೆ, ಈ ವಿಷಯವನ್ನು ಎಂ.ಎಸ್ಸಿ. ಪ್ರಾಜೆಕ್ಟಿಗೆ ಆರಿಸಿಕೊಂಡ ಮಗಳೋ ಮಗನೋ ನಿಮ್ಮ ಮನೆಯಲ್ಲಿದ್ದರೆ ಈ ಬರಹವನ್ನು ಅವರ ಕೈಗೂ ಕೊಡಿ. ಅಚ್ಚ ನೀರಿನ ಬದಲು ಊರ ಹಳ್ಳದ ನೀರಿನಲ್ಲೊಮ್ಮೆ ಪ್ರಯೋಗ ಮಾಡಲಿ. ಕರಗಿದ ಲೋಹವನ್ನು ಅಳೆಯಲಿ, ಒಡೆದ ತುಂಡುಗಳ ಹೆಸರು ಹುಡುಕಲಿ. ಮಿಥಿಲೀನ್ ಬ್ಲೂ ತಿಳಿಯಾದ ಸೀಸೆಯ ಫೋಟೋ ತೆಗೆದ ಮೇಲೆ ಅದನ್ನು ಚೆಲ್ಲದೆ, ಮುಚ್ಚಳ ತೆಗೆದು ಗಾಳಿಯಾಡುವಂತೆ ಮೇಜಿನ ಮೇಲೆ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಚೆನ್ನಾಗಿ ಅಲ್ಲಾಡಿಸಿ ಮತ್ತೆ ನೋಡಲಿ.